ಇಂಜಿನ್ನು ಕುಡಿದ ಕಬ್ಬು

ಈದ್ ದಿನ ಬೆಳಗ್ಗೆ ಕಣ್ಣಿಗೆ ಹಚ್ಚಿಕೊಳ್ಳುವ ಸುರ್ಮಾಕ್ಕೂ, ಪೆಟ್ರೋಲ್ ಬಂಕಿನಲ್ಲಿ ನಮ್ಮ ವಾಹನದ ಟ್ಯಾಂಕಿಗೆ ಬೀಳುವ ಎಥನಾಲಿಗೂ ನಂಟಿದೆ ಎಂದರೆ ತಕ್ಷಣ ಯಾರೂ ನಂಬಲಾರರು. ಅರಬ್ಬಿಯಲ್ಲಿ ಸುರ್ಮಾಕ್ಕೆ 'ಕುಹ್ಲ್' ಎನ್ನುತ್ತಾರೆ. ಮುಂದೆ 'ಅಲ್' ಸೇರಿದರೆ 'ಅಲ್-ಕುಹ್ಲ್'. ಬಹಳ ನಯವಾಗಿ ಅರೆದ ಖನಿಜದ ಪುಡಿ ಎಂಬುದು ಅದರ ಮೂಲ ಅರ್ಥ. ಈ ಪದ ಯುರೋಪಿನ ಪಂಡಿತರ ಲ್ಯಾಟಿನ್ ಭಾಷೆಗೆ ಹೋದ ಮೇಲೆ 'ನಯವಾದ ಪುಡಿ' ಎಂಬುದು ನಿಧಾನವಾಗಿ 'ಸೋಸಿ ತೆಗೆದ ಸಾರ' ಎಂದಾಯಿತು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ದ್ರಾಕ್ಷಾರಸದ ಸಾರಕ್ಕೆ ಈ ಹೆಸರನ್ನು ಬಳಸಿದ. ಅಲ್ಲಿಂದ ಮುಂದೆ ಸುರ್ಮಾದ ಹೆಸರು ಮದ್ಯಸಾರದ ಹೆಸರಾಗಿ ಲೋಕವೆಲ್ಲ ಸುತ್ತಿತು.

ಸಾರವನ್ನು ಇಳಿಸುವ ಪಾತ್ರೆಗೂ ಇಂಥದೇ ಕಥೆಯಿದೆ. ಗ್ರೀಕರ ಬಳಿ ಇದ್ದ ಪಾತ್ರೆಯನ್ನು ಅರಬರು 'ಅಲ್-ಅಂಬೀಕ್' ಎಂದು ಕರೆದರು, ಅದನ್ನು ತಿದ್ದಿ ಸುಧಾರಿಸಿದರು. 9ನೇ ಶತಮಾನದ ಅಲ್-ಕಿಂದಿ ಅತ್ತರನ್ನು ಬಟ್ಟಿ ಇಳಿಸುವ ಬಗೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಇವತ್ತಿಗೂ ಬ್ರೆಜಿಲ್ ದೇಶದ ಪೋರ್ಚುಗೀಸ್ ಭಾಷೆಯಲ್ಲಿ ಬಟ್ಟಿ ಪಾತ್ರೆಗೆ 'ಅಲಂಬಿಕಿ' ಎನ್ನುತ್ತಾರೆ. ಸಕ್ಕರೆಗೆ 'ಅಸೂಕರ್'. ಸಂಸ್ಕೃತದ ಶರ್ಕರಾ ಪರ್ಷಿಯಾದಲ್ಲಿ ಶಕರ್ ಆಗಿ, ಅರಬರ ಬಾಯಲ್ಲಿ ಅಸ್ಸುಕ್ಕರ್ ಆಗಿ ಅಲ್ಲಿಗೆ ತಲುಪಿತು. ಪದ ಹೋದ ದಾರಿಯಲ್ಲೇ ಕಬ್ಬೂ ಹೋಯಿತು. ಭಾರತದಿಂದ ಇರಾನಿಗೆ, ಅಲ್ಲಿಂದ ಅರಬರ ಜೊತೆ ಈಜಿಪ್ಟ್, ಸಿಸಿಲಿ ಮತ್ತು ಸ್ಪೇನಿಗೆ. 15ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ನೆಟ್ಟರು, 16ನೇ ಶತಮಾನದಲ್ಲಿ ಬ್ರೆಜಿಲಿಗೆ ಒಯ್ದರು.

ಆ ಕಬ್ಬೇ 20ನೇ ಶತಮಾನದಲ್ಲಿ ಪೆಟ್ರೋಲ್ ಇಂಜಿನ್ನುಗಳ ಹೊಟ್ಟೆಗೆ ಇಳಿಯಿತು. ಪೆಟ್ರೋಲಿಗಾಗಿ ಮಾಡಿದ ಕಾರು, ಲಾರಿಗಳನ್ನು ಆಲ್ಕೋಹಾಲಿಗೆ ಒಗ್ಗಿಸುವ ಕೆಲಸ ಹೇಗೆ ನಡೆಯಿತು? ಅದರಿಂದ ಯಾರಿಗೆ ಲಾಭವಾಯಿತು, ಯಾರು ಬೆಲೆ ತೆತ್ತರು? ನಮ್ಮ ಬಂಕುಗಳಲ್ಲೂ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವ ಈ ಹೊತ್ತಿನಲ್ಲಿ ಈ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮರೆತುಹೋದ ಮೊದಲ ಅಧ್ಯಾಯ

ಆಲ್ಕೋಹಾಲ್ ಇಂಧನ ಇತ್ತೀಚಿನ ಶೋಧವೇನಲ್ಲ. ವಾಸ್ತವದಲ್ಲಿ ಅದು ಪೆಟ್ರೋಲಿಗಿಂತ ಹಿರಿಯದು. ಅಮೆರಿಕದ ಸ್ಯಾಮ್ಯುಯಲ್ ಮೋರಿ 1826ರಲ್ಲಿ ಪೇಟೆಂಟ್ ಪಡೆದ ಇಂಜಿನ್ ಆಲ್ಕೋಹಾಲ್ ಮತ್ತು ಟರ್ಪೆಂಟೈನಿನ ಆವಿಯಿಂದ ಓಡುತ್ತಿತ್ತು. ಆಗ ಅಮೆರಿಕದ ಮನೆಗಳಲ್ಲಿ ದೀಪಕ್ಕೆ ಉರಿಯುತ್ತಿದ್ದುದೂ ಇದೇ ಮಿಶ್ರಣ. ಅಂತರ್ಯುದ್ಧದ ಖರ್ಚಿಗಾಗಿ 1862ರಲ್ಲಿ ಸರ್ಕಾರ ಮದ್ಯದ ಮೇಲೆ ತೆರಿಗೆ ಹಾಕಿತು. ಕೆಲವೇ ವರ್ಷಗಳಲ್ಲಿ ಅದು ಗ್ಯಾಲನ್ನಿಗೆ 2 ಡಾಲರಿನಷ್ಟಾಯಿತು. ಕುಡಿಯುವ ಆಲ್ಕೋಹಾಲ್, ಉರಿಸುವ ಆಲ್ಕೋಹಾಲ್ ಎಂಬ ಭೇದವನ್ನು ತೆರಿಗೆ ಮಾಡಲಿಲ್ಲ. ದೀಪದ ಆಲ್ಕೋಹಾಲ್ ಸತ್ತಿತು, ಆ ಜಾಗಕ್ಕೆ ಸೀಮೆಎಣ್ಣೆ ಬಂತು. ತೈಲ ಕಂಪನಿಗಳು ಬೇರು ಬಿಟ್ಟದ್ದು ಈ ಅವಕಾಶದಲ್ಲಿ. 1906ರಲ್ಲಿ ಆ ತೆರಿಗೆಯನ್ನು ಕೈಗಾರಿಕಾ ಆಲ್ಕೋಹಾಲಿಗೆ ರದ್ದು ಮಾಡುವ ಹೊತ್ತಿಗೆ ಪೆಟ್ರೋಲ್ ಬಹಳ ಮುಂದೆ ಹೋಗಿತ್ತು.

ಹೆನ್ರಿ ಫೋರ್ಡ್ ತನ್ನ ಪ್ರಸಿದ್ಧ 'ಮಾಡೆಲ್ ಟಿ' ಕಾರನ್ನು ಆಲ್ಕೋಹಾಲಿಗಾಗಿಯೇ ಮಾಡಿದ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇದು ಅತಿಶಯೋಕ್ತಿ. ಆ ಕಾರಿನಲ್ಲಿ ಗಾಳಿ ಮತ್ತು ಇಂಧನದ ಪ್ರಮಾಣವನ್ನು ಚಾಲಕನೇ ಕೈಯಿಂದ ತಿರುಗಿಸಿ ಹೊಂದಿಸಬಹುದಿತ್ತು, ಕಿಡಿ ಹಾರುವ ಹೊತ್ತನ್ನೂ ಬದಲಿಸಬಹುದಿತ್ತು. ಹೀಗಾಗಿ ಬೇರೆ ಇಂಧನವನ್ನು ಅದು ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತಿತ್ತು. ಮುಂದಿನ ದಿನಗಳ ಇಂಧನ ಗಿಡಗಂಟಿಗಳಿಂದ, ಹಣ್ಣುಕಾಯಿಗಳಿಂದ ಬರುತ್ತದೆ ಎಂದು ಫೋರ್ಡ್ 1925ರಲ್ಲಿ ಹೇಳಿದ್ದೂ ನಿಜ.

ಆ ಹೊತ್ತಿಗೆ ಇಂಜಿನ್ನುಗಳಿಗೆ ಒಂದು ಕಾಯಿಲೆ ಹತ್ತಿತ್ತು. ಶಕ್ತಿ ಹೆಚ್ಚಿಸಲು ಸಿಲಿಂಡರಿನೊಳಗಿನ ಒತ್ತಡ ಏರಿಸಿದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿದು ಇಂಜಿನ್ 'ನಾಕಿಂಗ್' ಸದ್ದು ಮಾಡುತ್ತಿತ್ತು. ಆಲ್ಕೋಹಾಲ್ ಬೆರೆಸಿದರೆ ಈ ಕಾಯಿಲೆ ಗುಣವಾಗುತ್ತದೆ ಎಂದು ಜನರಲ್ ಮೋಟಾರ್ಸ್‌ನ ಸಂಶೋಧಕರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಾವ ರೈತನೂ ಇಳಿಸಬಹುದಾದ ಆಲ್ಕೋಹಾಲಿಗೆ ಪೇಟೆಂಟ್ ಪಡೆಯುವುದು ಹೇಗೆ? 1921ರ ಡಿಸೆಂಬರಿನಲ್ಲಿ ಥಾಮಸ್ ಮಿಡ್ಗ್ಲೆ ಸೀಸದ ಸಂಯುಕ್ತವೊಂದನ್ನು ಬೆರೆಸಿ ನಾಕಿಂಗ್ ನಿಲ್ಲಿಸಿದ. ಸೀಸ ವಿಷ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಈ ಸೀಸ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಆದರೂ ಸೀಸವೇ ಗೆದ್ದಿತು. ಮುಂದಿನ ಸುಮಾರು ನೂರು ವರ್ಷ ಲೋಕದ ಮಕ್ಕಳೆಲ್ಲ ಆ ಹೊಗೆಯನ್ನು ಉಸಿರಾಡಿದರು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಎಲ್ಲಕ್ಕಿಂತ ಕೊನೆಗೆ, 2021ರಲ್ಲಿ, ಅಲ್ಜೀರಿಯಾ ಅದನ್ನು ನಿಲ್ಲಿಸಿತು.

ಬ್ರೆಜಿಲಿನ ಹಟ

ತೈಲ ಸಿಗದ, ಕಬ್ಬು ಬೇಕಾದಷ್ಟಿರುವ ದೇಶಗಳು ಮಾತ್ರ ಆಲ್ಕೋಹಾಲನ್ನು ಪೂರ್ತಿ ಮರೆಯಲಿಲ್ಲ. ಬ್ರೆಜಿಲ್ 1931ರಲ್ಲಿಯೇ ಆಮದು ಪೆಟ್ರೋಲಿಗೆ ಶೇ. 5 ಆಲ್ಕೋಹಾಲ್ ಬೆರೆಸಬೇಕೆಂದು ಕಾನೂನು ಮಾಡಿತು. ಇದರ ಹಿಂದೆ ಪರಿಸರದ ಕಾಳಜಿಯೇನೂ ಇರಲಿಲ್ಲ. ಸಕ್ಕರೆಯ ಬೆಲೆ ಕುಸಿದು ಕಾರ್ಖಾನೆ ಮಾಲೀಕರು ಕಂಗಾಲಾಗಿದ್ದರು, ಅವರನ್ನು ಉಳಿಸಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ತೈಲದ ಹಡಗುಗಳು ಬರುವುದು ಕಷ್ಟವಾದಾಗ ಈ ಪ್ರಮಾಣ ಇನ್ನೂ ಏರಿತು. ಯುದ್ಧ ಮುಗಿದು ಅಗ್ಗದ ತೈಲ ಬಂದೊಡನೆ ಎಲ್ಲರೂ ಆಲ್ಕೋಹಾಲನ್ನು ಬದಿಗೆ ಸರಿಸಿದರು.

1973ರಲ್ಲಿ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ತನಗೆ ಬೇಕಾದ ತೈಲದಲ್ಲಿ ಸುಮಾರು ಶೇ. 80ನ್ನು ಹೊರಗಿನಿಂದ ತರಿಸುತ್ತಿದ್ದ ಬ್ರೆಜಿಲಿಗೆ ಇದು ದೊಡ್ಡ ಏಟು. ಆಗ ಅಲ್ಲಿ ಸೇನಾ ಆಡಳಿತವಿತ್ತು. ಅಧ್ಯಕ್ಷ ಅರ್ನೆಸ್ಟೊ ಗೈಸೆಲ್ 1975ರ ನವೆಂಬರ್ 14ರಂದು 'ಪ್ರೊ-ಆಲ್ಕೊಲ್' ಎಂಬ ರಾಷ್ಟ್ರೀಯ ಯೋಜನೆಗೆ ಸಹಿ ಹಾಕಿದ. ವಿಚಿತ್ರವೆಂದರೆ, ಅದೇ ಹೊತ್ತಿಗೆ ಸಕ್ಕರೆಯ ಬೆಲೆಯೂ ಮತ್ತೆ ನೆಲಕಚ್ಚಿತ್ತು. ತೈಲದ ಕಷ್ಟಕ್ಕೂ ಸಕ್ಕರೆ ಧಣಿಗಳ ಕಷ್ಟಕ್ಕೂ ಒಂದೇ ಮದ್ದು ಸಿಕ್ಕಿತು. ಕಾರ್ಖಾನೆಗಳಿಗೆ ಅಗ್ಗದ ಬಡ್ಡಿಯ ಸಾಲ, ಖಾತರಿ ಬೆಲೆ, ಖಾತರಿ ಖರೀದಿ ಎಲ್ಲವೂ ದೊರೆತವು.

ಇಂಜಿನ್ನಿನ ಪ್ರಶ್ನೆ ಮಾತ್ರ ಉಳಿದಿತ್ತು. ಶೇ. 20ರವರೆಗೆ ಬೆರೆಸಿದರೆ ಅಲ್ಲಿನ ಕಾರುಗಳು ಅಷ್ಟಿಷ್ಟು ತಿದ್ದುಪಡಿಯೊಂದಿಗೆ ಓಡುತ್ತಿದ್ದವು. ಪೂರ್ತಿ ಆಲ್ಕೋಹಾಲಿನಲ್ಲಿ ಓಡಿಸುವುದು ಹೇಗೆ? ಸಾವ್ ಪಾಲೊ ರಾಜ್ಯದ ಸಾವ್ ಜೋಸೆ ದೋಸ್ ಕಾಂಪೋಸ್ ಪಟ್ಟಣದಲ್ಲಿದ್ದ ವಾಯುಪಡೆಯ ತಾಂತ್ರಿಕ ಕೇಂದ್ರದಲ್ಲಿ ಉರ್ಬಾನೊ ಅರ್ನೆಸ್ಟೊ ಸ್ಟುಂಫ್ ಎಂಬ ಇಂಜಿನಿಯರ್ ಈ ಕೆಲಸದಲ್ಲಿ ಬಹಳ ಕಾಲದಿಂದ ತೊಡಗಿದ್ದ. 1976ರಲ್ಲಿ ಅವನ ತಂಡ ಒಂದು ಡಾಡ್ಜ್, ಒಂದು ಫೋಕ್ಸ್‌ವ್ಯಾಗನ್, ಒಂದು ಗುರ್ಗೆಲ್, ಹೀಗೆ ಮೂರು ಗಾಡಿಗಳನ್ನು ಆಲ್ಕೋಹಾಲಿಗೆ ಪರಿವರ್ತಿಸಿ ದೇಶದುದ್ದಕ್ಕೂ 8,000 ಕಿ.ಮೀ.ಗೂ ಹೆಚ್ಚು ಓಡಿಸಿತು. ದಾರಿಯುದ್ದಕ್ಕೂ ಜನ ಸೇರಿ ನೋಡಿದರು. ಇಂಜಿನ್ ಓಡುತ್ತದೆ ಎಂದು ಪ್ರಯೋಗಾಲಯದ ವರದಿ ಹೇಳಿದರೆ ಯಾರು ನಂಬುತ್ತಾರೆ? ಊರ ಮುಂದೆ ಬಂದು ನಿಂತರೆ ನಂಬುತ್ತಾರೆ.

ಗ್ಯಾರೇಜಿನಲ್ಲಿ ನಡೆದದ್ದು

ಪೆಟ್ರೋಲ್ ಗಾಡಿಯೊಂದನ್ನು ಆಲ್ಕೋಹಾಲಿಗೆ ಒಗ್ಗಿಸುವುದೆಂದರೆ ಏನು? ಕೆಲಸ ಏನೆಂದು ಗೊತ್ತಾದರೆ ಮುಂದಿನ ಚರಿತ್ರೆಯೂ ಅರ್ಥವಾಗುತ್ತದೆ.

ಮೊದಲ ಲೆಕ್ಕ ಗಾಳಿಯದು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಇಟ್ಟುಕೊಂಡಿದೆ. ಇಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವುದರಿಂದ ಇಂಧನವನ್ನೇ ಹೆಚ್ಚು ಬಿಡಬೇಕು. ಅದಕ್ಕಾಗಿ ಕಾರ್ಬುರೇಟರಿನ ಜೆಟ್ಟಿನ ತೂತನ್ನು ದೊಡ್ಡದು ಮಾಡಬೇಕು. ಇಂಧನವನ್ನು ಚಿಮ್ಮಿಸುವ ಇಂಜೆಕ್ಟರ್ ಇರುವ ಗಾಡಿಯಾದರೆ ಅದು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಬೇಕು, ಇಲ್ಲವೇ ದೊಡ್ಡ ಇಂಜೆಕ್ಟರ್ ಹಾಕಬೇಕು. ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ಮೈಲೇಜ್ ಇಳಿಯುವುದು ಖಚಿತ.

ಎರಡನೆಯದು ಒತ್ತಡ. ಎಥನಾಲಿಗೆ ನಾಕಿಂಗ್ ಭಯವಿಲ್ಲ. ಸಿಲಿಂಡರ್ ಹೆಡ್ಡನ್ನು ತರಿದು ಅಥವಾ ಪಿಸ್ಟನ್ ಬದಲಿಸಿ ಒತ್ತಡದ ಪ್ರಮಾಣವನ್ನು ಏರಿಸಿದರೆ ಕಳೆದುಕೊಂಡ ಮೈಲೇಜಿನಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ. ಕಿಡಿ ಹಾರುವ ಹೊತ್ತನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. ಈ ಕೆಲಸ ಮಾಡದೆ ಬರೀ ಜೆಟ್ ದೊಡ್ಡದು ಮಾಡಿದ ಗಾಡಿ ಕುಡಿಯುವುದು ಹೆಚ್ಚು, ಎಳೆಯುವುದು ಕಡಿಮೆ.

ಮೂರನೆಯದು ಸವೆತ. ಎಥನಾಲ್ ನೀರನ್ನು ಎಳೆದುಕೊಳ್ಳುವ ದ್ರವ. ಬ್ರೆಜಿಲಿನ ಬಂಕುಗಳಲ್ಲಿ ಸಿಗುತ್ತಿದ್ದ ಆಲ್ಕೋಹಾಲಿನಲ್ಲಿ ಮೊದಲೇ ಸುಮಾರು ಶೇ. 5ರಷ್ಟು ನೀರಿರುತ್ತಿತ್ತು. ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ ಕಾರ್ಬುರೇಟರನ್ನು ಅದು ತಿನ್ನುತ್ತಿತ್ತು, ಹಳೆಯ ರಬ್ಬರ್ ಪೈಪುಗಳನ್ನು ಊದಿಸುತ್ತಿತ್ತು ಅಥವಾ ಬಿರುಕು ಬಿಡಿಸುತ್ತಿತ್ತು. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕಸವನ್ನು ಕರಗಿಸಿ ತಂದು ಫಿಲ್ಟರಿಗೆ ತುಂಬುತ್ತಿತ್ತು. ಹಾಗಾಗಿ ಕಾರ್ಬುರೇಟರಿಗೆ ನಿಕ್ಕಲ್ ಲೇಪನ, ಟ್ಯಾಂಕಿಗೆ ಒಳಲೇಪನ, ಬೇರೆ ಜಾತಿಯ ರಬ್ಬರ್ ಎಲ್ಲವೂ ಬೇಕಾದವು.

ನಾಲ್ಕನೆಯದು ಚಳಿ. ಎಥನಾಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ದಕ್ಷಿಣ ಬ್ರೆಜಿಲಿನ ಚಳಿಯ ಬೆಳಗುಗಳಲ್ಲಿ ಗಾಡಿ ಎಬ್ಬಿಸುವುದೇ ಒಂದು ಶಿಕ್ಷೆ. ಇದಕ್ಕೆ ಸುಲಭದ ಉಪಾಯ ಕಂಡುಕೊಂಡರು: ಬಾನೆಟ್ಟಿನ ಕೆಳಗೆ ಒಂದೆರಡು ಲೀಟರಿನ ಪುಟ್ಟ ಪೆಟ್ರೋಲ್ ಟ್ಯಾಂಕ್. ಬೆಳಗ್ಗೆ ಒಂದು ಗುಟುಕು ಪೆಟ್ರೋಲ್ ಕುಡಿಸಿ ಎಬ್ಬಿಸುವುದು, ಆಮೇಲೆ ದಿನವಿಡೀ ಆಲ್ಕೋಹಾಲ್.

1979ರ ಇರಾನ್ ಕ್ರಾಂತಿಯೊಂದಿಗೆ ತೈಲದ ಬೆಲೆ ಎರಡನೇ ಸಲ ಜಿಗಿಯಿತು. ಸರ್ಕಾರ ಕಾರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಫಿಯೆಟ್ 147 ಎಂಬ ಕಾರು ಪೂರ್ತಿ ಆಲ್ಕೋಹಾಲಿನಲ್ಲಿ ಓಡುವ ಗಾಡಿಯಾಗಿ ಕಾರ್ಖಾನೆಯಿಂದ ಹೊರಬಂತು. ಹೊಸ ಕಾರು ಕೊಳ್ಳಲಾಗದವರು ತಮ್ಮ ಹಳೆಯ ಪೆಟ್ರೋಲ್ ಗಾಡಿಗಳನ್ನು ಪರಿವರ್ತಿಸಿಕೊಳ್ಳಲು ಗ್ಯಾರೇಜುಗಳಿಗೆ ಹೋದರು. ಇಲ್ಲಿ ಎಡವಟ್ಟಾಯಿತು. ಸರ್ಕಾರದ ಮಾನ್ಯತೆ ಪಡೆದ ಕಾರ್ಯಾಗಾರಗಳೂ ಇದ್ದವು, ಜೆಟ್ಟನ್ನು ಕೊರೆದು ಹಣ ಎಣಿಸಿಕೊಳ್ಳುವವರೂ ಇದ್ದರು. ಅರ್ಧಂಬರ್ಧ ಕೆಲಸ ಮಾಡಿಸಿಕೊಂಡವರ ಗಾಡಿಗಳು ತುಕ್ಕು ತಿಂದವು, ಬೆಳಗ್ಗೆ ಎದ್ದೇಳಲಿಲ್ಲ. ದೂರು ಎಲ್ಲೆಡೆ ಹರಡಿ 1981ರಲ್ಲಿ ಆಲ್ಕೋಹಾಲ್ ಕಾರುಗಳ ಮಾರಾಟವೇ ಬಿದ್ದುಹೋಯಿತು. ಕಂಪನಿಗಳು ಇಂಜಿನ್ನನ್ನು ಸುಧಾರಿಸಿದ ಮೇಲೆ, ಸರ್ಕಾರ ಬೆಲೆಯಲ್ಲಿ ಮತ್ತು ತೆರಿಗೆಯಲ್ಲಿ ರಿಯಾಯಿತಿ ಕೊಟ್ಟ ಮೇಲೆ ಅದು ಮತ್ತೆ ಚೇತರಿಸಿಕೊಂಡಿತು.

ಲಾರಿಗಳ ಕಥೆ ಬೇರೆ. ಬ್ರೆಜಿಲಿನ ಹಳೆಯ ಲಾರಿಗಳಲ್ಲಿ ಪೆಟ್ರೋಲಿನವೂ ಬಹಳವಿದ್ದವು, ಅವನ್ನು ಆಲ್ಕೋಹಾಲಿಗೆ ಒಗ್ಗಿಸಬಹುದಿತ್ತು. 1980ರ ದಶಕದಲ್ಲಿ ಸಕ್ಕರೆ ಕಾರ್ಖಾನೆಗಳಿಗೆಂದೇ ಆಲ್ಕೋಹಾಲ್ ಲಾರಿಗಳೂ ತಯಾರಾದವು. ಕಬ್ಬು ಹೊತ್ತ ಲಾರಿ ಕಬ್ಬಿನ ರಸದಿಂದಲೇ ಓಡುತ್ತಿತ್ತು. ಆದರೆ ದೊಡ್ಡ ಲಾರಿಗಳೆಲ್ಲ ಡೀಸೆಲಿನತ್ತ ಸರಿದಾಗಿತ್ತು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ, ಒತ್ತಡದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಎಥನಾಲ್ ಹಾಗೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ನಾಕಿಂಗ್ ತಡೆಯುವ ಅದರ ಒಳ್ಳೆಯ ಗುಣವೇ ಇಲ್ಲಿ ದೋಷ. ಪರಿಣಾಮವಾಗಿ ಬ್ರೆಜಿಲ್ ಡೀಸೆಲಿಗಾಗಿ ಕಚ್ಚಾ ತೈಲ ತರಿಸುತ್ತಲೇ ಇರಬೇಕಾಯಿತು. ಅದನ್ನು ಸಂಸ್ಕರಿಸಿದಾಗ ಜೊತೆಗೆ ಬರುವ ಪೆಟ್ರೋಲ್ ದೇಶದಲ್ಲಿ ಬೇಡವಾಗಿ, ಅಗ್ಗದ ಬೆಲೆಗೆ ಹೊರದೇಶಕ್ಕೆ ಮಾರಬೇಕಾಯಿತು.

ಬಿದ್ದದ್ದು, ಎದ್ದದ್ದು

1980ರ ದಶಕದ ನಡುವಿನಲ್ಲಿ ಬ್ರೆಜಿಲಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 90ಕ್ಕೂ ಹೆಚ್ಚು ಆಲ್ಕೋಹಾಲಿನವು. ಗೆದ್ದೆವು ಎಂದುಕೊಳ್ಳುವಾಗ 1986ರಲ್ಲಿ ತೈಲದ ಬೆಲೆ ಧೊಪ್ಪನೆ ಬಿತ್ತು. ಸರ್ಕಾರದ ಬೊಕ್ಕಸ ಬರಿದಾಗಿತ್ತು, ರಿಯಾಯಿತಿಗೆ ಹಣವಿರಲಿಲ್ಲ. ಇತ್ತ ಸಕ್ಕರೆಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆ ಬಂತು. ಕಾರ್ಖಾನೆಗಳು ಆಲ್ಕೋಹಾಲ್ ಬಿಟ್ಟು ಸಕ್ಕರೆ ಮಾಡಿದವು. 1989ರಲ್ಲಿ ಬಂಕುಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. ಆಲ್ಕೋಹಾಲ್ ಬಿಟ್ಟು ಬೇರೇನೂ ಕುಡಿಯಲಾರದ ಕಾರುಗಳು, ಬಂಕಿನಲ್ಲಿ ಆಲ್ಕೋಹಾಲ್ ಇಲ್ಲ. ದೇಶಪ್ರೇಮದ ಮಾತು ನಂಬಿ ಕಾರು ಕೊಂಡ ಮಧ್ಯಮ ವರ್ಗ ಮೋಸ ಹೋದೆವೆಂದು ತಿಳಿಯಿತು. 1990ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಮಾರಾಟವಾಗುತ್ತಿದ್ದ ಆಲ್ಕೋಹಾಲ್ ಕಾರುಗಳು ಸಾವಿರದ ಆಸುಪಾಸಿಗೆ ಇಳಿದವು.

ಈ ಕಹಿಯಿಂದ ಹುಟ್ಟಿದ್ದು 'ಫ್ಲೆಕ್ಸ್' ಗಾಡಿ. ಅದರ ಮರ್ಮ ಹೊಗೆಕೊಳವೆಯಲ್ಲಿದೆ. ಮಾಲಿನ್ಯ ತಡೆಯಲೆಂದು ಅಲ್ಲಿ ಕೂರಿಸಿದ್ದ ಒಂದು ಸಂವೇದಕ, ಹೊರಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಆಮ್ಲಜನಕ ಹೆಚ್ಚು ಉಳಿದರೆ ಇಂಧನ ಸಾಲದು ಎಂದರ್ಥ. ಗಾಡಿಯ ಪುಟ್ಟ ಕಂಪ್ಯೂಟರ್ ಕೂಡಲೇ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆಯುತ್ತದೆ, ಕಿಡಿಯ ಹೊತ್ತನ್ನೂ ತಿದ್ದುತ್ತದೆ. ಟ್ಯಾಂಕಿನಲ್ಲಿರುವುದು ಪೆಟ್ರೋಲೋ, ಎಥನಾಲೋ, ಎರಡರ ಬೆರಕೆಯೋ ಎಂಬುದನ್ನು ಅದು ಹೊಗೆಯಿಂದಲೇ ಊಹಿಸುತ್ತದೆ. ಮಾಡೆಲ್ ಟಿ ಕಾಲದಲ್ಲಿ ಚಾಲಕ ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಮಾಡುತ್ತದೆ. 2003ರ ಮಾರ್ಚಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಬ್ರೆಜಿಲಿನಲ್ಲಿ ಇಂಥ ಮೊದಲ ಕಾರು 'ಗೋಲ್'ಅನ್ನು ಮಾರುಕಟ್ಟೆಗೆ ತಂದಿತು. ಐದಾರು ವರ್ಷಗಳಲ್ಲಿ ಹೊಸ ಕಾರುಗಳ ಬಹುಪಾಲು ಫ್ಲೆಕ್ಸ್ ಆದವು. ಬಂಕಿಗೆ ಹೋದವರು ಒಂದು ಸರಳ ಲೆಕ್ಕ ಹಾಕುತ್ತಾರೆ. ಎಥನಾಲಿನ ಬೆಲೆ ಪೆಟ್ರೋಲಿನ ಬೆಲೆಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಹೆಚ್ಚಿದ್ದರೆ ಪೆಟ್ರೋಲ್. 1989ರ ಗಾಡಿಗೆ ಇಲ್ಲದಿದ್ದ ಆಯ್ಕೆ ಈ ಗಾಡಿಗೆ ಸಿಕ್ಕಿತು.

ಅಮೆರಿಕದಲ್ಲಿ ಇದೇ ತಂತ್ರಜ್ಞಾನದ ಗತಿ ಬೇರೆಯಾಯಿತು. 1988ರ ಕಾನೂನೊಂದು ಫ್ಲೆಕ್ಸ್ ಗಾಡಿ ಮಾಡುವ ಕಂಪನಿಗಳಿಗೆ ಮೈಲೇಜ್ ನಿಯಮದಲ್ಲಿ ವಿನಾಯಿತಿ ನೀಡಿತು. ಕಂಪನಿಗಳು ತಮ್ಮ ಭಾರೀ ಪಿಕಪ್ ಟ್ರಕ್ಕುಗಳನ್ನು ಫ್ಲೆಕ್ಸ್ ಮಾಡಿ ವಿನಾಯಿತಿ ಪಡೆದವು. ಶೇ. 85ರವರೆಗೆ ಎಥನಾಲಿರುವ 'ಇ-85' ಇಂಧನ ಸಿಗುವ ಬಂಕುಗಳು ಮಾತ್ರ ಬೆರಳೆಣಿಕೆಯಷ್ಟು. ತಮ್ಮ ಟ್ರಕ್ ಎಥನಾಲ್ ಕುಡಿಯಬಲ್ಲದು ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ. ಕಾಗದದ ಮೇಲೆ ತೈಲ ಉಳಿಯಿತು, ರಸ್ತೆಯ ಮೇಲೆ ಉಳಿಯಲಿಲ್ಲ.

ಗದ್ದೆಯಲ್ಲಿ ಇದ್ದವರು

ಇಲ್ಲಿಯವರೆಗೆ ಹೇಳಿದ್ದು ಇಂಜಿನ್ನಿನ ಕಥೆ. ಕಬ್ಬು ಕಡಿದವರ ಕಥೆ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು.

ಬ್ರೆಜಿಲಿನ ಕಬ್ಬು ಮೊದಲಿನಿಂದಲೂ ಗುಲಾಮರ ಬೆವರಿನಲ್ಲಿ ಬೆಳೆದದ್ದು. ಆಫ್ರಿಕಾದಿಂದ ಅಮೆರಿಕ ಖಂಡಗಳಿಗೆ ಸಾಗಿಸಲ್ಪಟ್ಟವರಲ್ಲಿ ಸುಮಾರು ಶೇ. 40ರಷ್ಟು ಜನ ಇಳಿದದ್ದು ಬ್ರೆಜಿಲಿನಲ್ಲಿ. ಅವರಲ್ಲಿ ಪಶ್ಚಿಮ ಆಫ್ರಿಕಾದ ಮುಸ್ಲಿಮರೂ ಇದ್ದರು. 1835ರ ಜನವರಿಯಲ್ಲಿ, ರಮ್ಜಾನಿನ ಕೊನೆಯ ದಿನಗಳಲ್ಲಿ, ಬಹಿಯಾ ಪ್ರಾಂತದ ಸಾಲ್ವಡೋರ್ ನಗರದಲ್ಲಿ ಅವರು ದಂಗೆ ಎದ್ದರು. ಚರಿತ್ರೆ ಇದನ್ನು 'ಮಾಲೆ ದಂಗೆ' ಎನ್ನುತ್ತದೆ. ದಂಗೆಯೆದ್ದವರಲ್ಲಿ ಹೆಚ್ಚಿನವರು ನಗರದಲ್ಲಿ ದುಡಿಯುತ್ತಿದ್ದ ಗುಲಾಮರು ಮತ್ತು ಬಿಡುಗಡೆ ಪಡೆದವರು. ಆದರೆ ಆ ನಗರದ ಸಿರಿಯೆಲ್ಲ ಸುತ್ತಲಿನ ಕಬ್ಬಿನ ತೋಟಗಳದು. ಸತ್ತವರ ಮತ್ತು ಸೆರೆಯಾದವರ ಬಳಿ ಅರಬ್ಬಿ ಅಕ್ಷರಗಳ ತಾಯಿತಗಳು, ಕಾಗದಗಳು ಸಿಕ್ಕವು. ಓದು ಬರಹ ಬಲ್ಲ ಗುಲಾಮರನ್ನು ಕಂಡು ಧಣಿಗಳು ಬೆಚ್ಚಿದರು. ಕೆಲವರಿಗೆ ಮರಣದಂಡನೆಯಾಯಿತು, ಹಲವರಿಗೆ ನೂರಾರು ಛಡಿಯೇಟು ಬಿತ್ತು, ಅನೇಕರನ್ನು ಗಡೀಪಾರು ಮಾಡಿದರು. ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾದದ್ದು 1888ರಲ್ಲಿ.

ಪ್ರೊ-ಆಲ್ಕೊಲ್ ಬಂದಾಗ ಗದ್ದೆಗಿಳಿದವರು ಕಾನೂನಿನ ಪ್ರಕಾರ ಸ್ವತಂತ್ರರು. ಅವರಿಗೆ 'ಬೋಯಾ-ಫ್ರಿಯಾ' ಎಂಬ ಹೆಸರಿತ್ತು. ತಣ್ಣಗಿನ ಬುತ್ತಿಯವರು ಎಂದು ಅದರ ಅರ್ಥ. ನಸುಕಿನಲ್ಲಿ ಕಟ್ಟಿಕೊಂಡ ಬುತ್ತಿಯನ್ನು ಗದ್ದೆಯ ಬದುವಿನಲ್ಲಿ ತಣ್ಣಗಾದ ಮೇಲೆ ಉಣ್ಣುವ ದಿನಗೂಲಿಗಳು ಇವರು. ತೋಟಗಳು ಬೆಳೆದಂತೆ ಸಣ್ಣ ಹಿಡುವಳಿದಾರರು ಜಮೀನು ಬಿಟ್ಟು ಇವರ ಸಾಲಿಗೆ ಸೇರಿದರು. ಕೂಲಿ ಕಡಿದ ಕಬ್ಬಿನ ತೂಕದ ಮೇಲೆ. 1984ರ ಮೇ ತಿಂಗಳಲ್ಲಿ ಸಾವ್ ಪಾಲೊ ರಾಜ್ಯದ ಗ್ವಾರಿಬಾ ಎಂಬ ಪಟ್ಟಣದಲ್ಲಿ ಕಾರ್ಖಾನೆಗಳು ಒಬ್ಬೊಬ್ಬ ಆಳು 5 ಸಾಲಿನ ಬದಲು 7 ಸಾಲು ಕಬ್ಬು ಕಡಿಯಬೇಕೆಂದು ಹೇಳಿದಾಗ ಕೂಲಿಗಳು ಮುಷ್ಕರ ಹೂಡಿದರು. ಪೊಲೀಸರು ಗುಂಡು ಹಾರಿಸಿದರು. ಕೊನೆಗೆ ಮತ್ತೆ 5 ಸಾಲಿನ ಪದ್ಧತಿ ಬಂತು. ಫ್ಲೆಕ್ಸ್ ಕಾರುಗಳ ಸಂಭ್ರಮದ ಕಾಲದಲ್ಲೂ, 2004ರ ನಂತರದ ಕೆಲವು ವರ್ಷಗಳಲ್ಲಿ, ದಿನಕ್ಕೆ ಹತ್ತು ಟನ್ನಿಗೂ ಮಿಕ್ಕಿ ಕಬ್ಬು ಕಡಿಯುತ್ತಿದ್ದವರು ಗದ್ದೆಯಲ್ಲೇ ಕುಸಿದು ಸತ್ತ ಸುದ್ದಿಗಳು ಬಂದವು. ಈಗ ಸಾವ್ ಪಾಲೊದ ಬಹುಪಾಲು ಕಬ್ಬನ್ನು ಯಂತ್ರ ಕಡಿಯುತ್ತದೆ. ಕೂಲಿಯ ಸಾವು ನಿಂತಿತು, ಜೊತೆಗೆ ಕೂಲಿಯೂ ನಿಂತಿತು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಕಬ್ಬಿನ ಸಿಪ್ಪೆ ಉರಿಸಿಯೇ ಕಾರ್ಖಾನೆ ನಡೆಯುವುದರಿಂದ ಬ್ರೆಜಿಲಿನ ಎಥನಾಲಿಗೆ ವ್ಯಯವಾಗುವ ಹೊರಗಿನ ತೈಲ ಬಹಳ ಕಡಿಮೆ. ಅಮೆರಿಕದ ಮೆಕ್ಕೆಜೋಳದ ಎಥನಾಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ 2005 ಮತ್ತು 2007ರ ಕಾನೂನುಗಳ ಬಲದಿಂದ ಅಲ್ಲಿನ ಮೆಕ್ಕೆಜೋಳದ ಸುಮಾರು ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥನಾಲ್ ಭಟ್ಟಿಗಳಿಗೆ ಹೋಗತೊಡಗಿತು. 2007ರ ಜನವರಿಯಲ್ಲಿ ಮೆಕ್ಸಿಕೋದಲ್ಲಿ ಬಡವರ ರೊಟ್ಟಿಯಾದ ತೋರ್ತೀಯಾದ ಬೆಲೆ ಏರಿ ಜನ ಬೀದಿಗಿಳಿದರು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರದ ಹಕ್ಕಿನ ವಿಶೇಷ ವರದಿಗಾರ ಜೀನ್ ಝೀಗ್ಲರ್, ಆಹಾರ ಬೆಳೆಯುವ ನೆಲವನ್ನು ಇಂಧನಕ್ಕೆ ಬಳಸುವುದು ಮನುಕುಲದ ಮೇಲಿನ ಅಪರಾಧ ಎಂದರು. ಮಾತು ಕಟುವಾಗಿತ್ತು. ಆದರೆ ಉಳ್ಳವರ ಟ್ಯಾಂಕು ಮತ್ತು ಇಲ್ಲದವರ ತಟ್ಟೆ ಒಂದೇ ಗದ್ದೆಗೆ ಕೈಚಾಚಿವೆ ಎಂಬ ಸತ್ಯವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

ನಮ್ಮ ಬಂಕಿನ ಮುಂದೆ

ನಮ್ಮಲ್ಲೂ ಇದು ಹೊಸತಲ್ಲ. ಕಾಕಂಬಿಯಿಂದ ತೆಗೆದ 'ಪವರ್ ಆಲ್ಕೋಹಾಲ್' ಅನ್ನು ಪೆಟ್ರೋಲಿಗೆ ಬೆರೆಸಲು ಸ್ವತಂತ್ರ ಭಾರತ 1948ರಲ್ಲಿಯೇ ಕಾನೂನು ಮಾಡಿತ್ತು. ಅದು ಹೆಚ್ಚು ಕೆಲಸಕ್ಕೆ ಬಾರದೆ 2000ದಲ್ಲಿ ರದ್ದಾಯಿತು. 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 9 ರಾಜ್ಯಗಳಲ್ಲಿ ಶೇ. 5 ಬೆರೆಸುವ ಯೋಜನೆ ಶುರುವಾಯಿತು. 2022ರಲ್ಲಿ ದೇಶ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಶೇ. 20 ಬೆರಕೆಯ 'ಇ-20' ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇದೇ ಆಗಿತ್ತು.

ಆ ವರ್ಷ ದೇಶದಾದ್ಯಂತ ವಾಹನ ಮಾಲೀಕರು ದೂರಿದರು. 2023ಕ್ಕಿಂತ ಮುಂಚಿನ ಬಹುಪಾಲು ಗಾಡಿಗಳು ಈ ಬೆರಕೆಗೆಂದು ಮಾಡಿದವಲ್ಲ. ಅಂಥ ಕಾರುಗಳ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ರಬ್ಬರು ಮತ್ತು ಸೀಲುಗಳ ಬಗ್ಗೆ ಗ್ಯಾರೇಜುಗಳಲ್ಲಿ ಎದ್ದ ಪ್ರಶ್ನೆ ಬ್ರೆಜಿಲಿನಲ್ಲಿ 1980ರಲ್ಲಿ ಎದ್ದಿದ್ದ ಪ್ರಶ್ನೆಯೇ. ಎಥನಾಲ್ ಇಲ್ಲದ ಪೆಟ್ರೋಲನ್ನೂ ಬಂಕಿನಲ್ಲಿ ಇಡಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಯೋಜನೆಯಿಂದ ವಿದೇಶಿ ವಿನಿಮಯ ಉಳಿಯುತ್ತದೆ, ಕಬ್ಬು ಬೆಳೆಗಾರರಿಗೆ ಹಣ ಸೇರುತ್ತದೆ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿ ರಸ್ತೆಯಲ್ಲಿ ಕೂತಿದ್ದರು. ಎಥನಾಲಿನ ಲಾಭದಲ್ಲಿ ನಮ್ಮ ಪಾಲೆಲ್ಲಿ ಎಂಬುದು ರೈತರ ಹಳೆಯ ಪ್ರಶ್ನೆ.

ನೀರಿನ ಪ್ರಶ್ನೆ ಇನ್ನೂ ದೊಡ್ಡದು. ಬ್ರೆಜಿಲಿನ ಸಾವ್ ಪಾಲೊದಲ್ಲಿ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನಮ್ಮಲ್ಲಿ ಕಾವೇರಿ, ಕೃಷ್ಣೆಯರ ಕಾಲುವೆ ಬೇಕು, ಬೋರ್‌ವೆಲ್ ಬೇಕು. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಗೆ ಹೆದರಿ ಕೇಂದ್ರ ಸರ್ಕಾರವೇ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಬೇಕಾಯಿತು. ಆಗ ಭಟ್ಟಿಗಳು ಮೆಕ್ಕೆಜೋಳದತ್ತ ತಿರುಗಿದವು. ಕೋಳಿ ಸಾಕುವವರು ಮೇವಿನ ಬೆಲೆಗೆ ಕಂಗೆಟ್ಟರು. 1989ರ ಬ್ರೆಜಿಲ್, 2007ರ ಮೆಕ್ಸಿಕೋ ಎರಡರ ನೆರಳೂ ಅಲ್ಲಿ ಕಾಣಿಸಿತು.

ಎಥನಾಲನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ಸೀಸದ ಪೆಟ್ರೋಲನ್ನು ನೂರು ವರ್ಷ ಉಸಿರಾಡಿದ ಲೋಕಕ್ಕೆ ಎಥನಾಲ್ ಮೊದಲೇ ಸಿಕ್ಕಿದ್ದರೆ ಒಳ್ಳೆಯದಾಗುತ್ತಿತ್ತು. ಕಬ್ಬಿನ ರಸ ಇಂಜಿನ್ನನ್ನು ಓಡಿಸಬಲ್ಲದು ಎಂಬುದು ಸಾಬೀತಾಗಿ ಎಷ್ಟೋ ಕಾಲವಾಯಿತು. ಬ್ರೆಜಿಲಿನ ಚರಿತ್ರೆ ಕಲಿಸುವ ಪಾಠ ಬೇರೆ. ಪರಿವರ್ತನೆ ಅರ್ಧಂಬರ್ಧ ಆದಾಗ, ಓಡಿಸುವವನ ಕೈಯಿಂದ ಆಯ್ಕೆಯನ್ನು ಕಿತ್ತುಕೊಂಡಾಗ, ಗದ್ದೆಯಲ್ಲಿರುವವರನ್ನು ಲೆಕ್ಕದಿಂದ ಬಿಟ್ಟಾಗ ಒಳ್ಳೆಯ ಇಂಧನವೂ ಕೆಟ್ಟ ಹೆಸರು ಪಡೆಯುತ್ತದೆ. ಗಾಡಿಯನ್ನು ಎಥನಾಲಿಗೆ ಒಗ್ಗಿಸಲು ಜೆಟ್ಟು, ರಬ್ಬರು, ಸಂವೇದಕ ಬೇಕು. ಸಮಾಜವನ್ನು ಒಗ್ಗಿಸಲು ನ್ಯಾಯದ ಬೆಲೆ, ನ್ಯಾಯದ ಕೂಲಿ ಮತ್ತು ನಿಜ ಹೇಳುವ ಸರ್ಕಾರ ಬೇಕು. ಮೊದಲನೆಯದನ್ನು ಬ್ರೆಜಿಲಿನ ಮೆಕ್ಯಾನಿಕ್‌ಗಳು ಕೆಲವೇ ವರ್ಷಗಳಲ್ಲಿ ಕಲಿತರು. ಎರಡನೆಯದನ್ನು ಅವರ ದೊರೆಗಳೂ ಕಲಿತಿಲ್ಲ, ನಮ್ಮವರೂ ಕಲಿತಿಲ್ಲ.